ಕರಿಬೇವಿನ ಬುಡದಲ್ಲಿ ಹೂತ ಚೊಂಬು

ನಮ್ಮ ಮನೆಯ ರೇಡಿಯೋದ ಬೆನ್ನಿಗೆ ಎರಡು ತೂತುಗಳಿದ್ದವು. ಒಂದು ಏರಿಯಲ್ ತಂತಿಗೆ, ಇನ್ನೊಂದು ನೆಲಕ್ಕೆ ಹೋಗುವ ಅರ್ತ್ ತಂತಿಗೆ. ಬಾಲ್ಯದ ಬಗ್ಗೆ ಬರೆಯಲು ಕೂತವರಿಗೆ ತೊಟ್ಟಿಲು, ಜೋಗುಳ, ಅಜ್ಜಿ ಹೇಳಿದ ಕಥೆ ನೆನಪಾಗುತ್ತವಂತೆ. ನನಗೆ ಮೊದಲು ನೆನಪಾಗುವುದು ಆ ತೂತುಗಳು, ಅದರಲ್ಲೂ ಎರಡನೆಯದು. ಹೊಳೆನರಸೀಪುರದಲ್ಲಿ ಹೊಳೆಗೆ ಹೋಗುವ ಒಂದು ಓಣಿಯಲ್ಲಿ ನಮ್ಮ ಮನೆ ಇತ್ತು. ಅಗಲ ಕಡಿಮೆ, ಉದ್ದ ಜಾಸ್ತಿ. ಬೀದಿಗೆ ಜಗಲಿ, ಜಗಲಿ ದಾಟಿದರೆ ನಡುಮನೆ, ಅದರ ಹಿಂದೆ ಅಡಿಗೆಮನೆ, ಬಚ್ಚಲು, ಕೊನೆಗೆ ಹಿತ್ತಲು. ಹಿತ್ತಲಲ್ಲಿ ಒಂದು ತೆಂಗಿನಮರ, ಬಚ್ಚಲ ಗೋಡೆಯ ಮಗ್ಗುಲಲ್ಲಿ ಒಂದು ಕರಿಬೇವಿನ ಗಿಡ. ಮನೆಯಲ್ಲಿದ್ದವರು ಐದು ಜನ: ಅಜ್ಜಿ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ಅವ್ವ, ಅಪ್ಪನ ತಂಗಿ ತಾಯಮ್ಮತ್ತೆ, ಮತ್ತೆ ನಾನು. ನನಗೆ ಹಿಂದೆ ಮುಂದೆ ಯಾರೂ ಇರಲಿಲ್ಲವಾದ್ದರಿಂದ ಮನೆಯ ಕೊಬ್ಬೆಲ್ಲ ನನ್ನೊಬ್ಬಳಲ್ಲೇ ಸೇರಿಕೊಂಡಿತ್ತು.

ತಾಯಮ್ಮತ್ತೆಯನ್ನು ಅರಕಲಗೂಡಿನ ಕಡೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಅತ್ತೆ ಒಂದು ಬಟ್ಟೆಯ ಗಂಟಿನ ಜೊತೆ ತವರಿಗೆ ಬಂದರು. ಆಮೇಲೆ ನಡುಮನೆಯ ಒಂದು ಮೂಲೆ ಅವರದಾಯಿತು. ಅಲ್ಲಿ ಒಂದು ಚಾಪೆ, ಗೋಡೆಯ ಗೂಡಿನಲ್ಲಿ ಒಂದು ಬಾಚಣಿಗೆ, ಅಷ್ಟೇ. ಅವ್ವನಿಗೂ ಅವರಿಗೂ ದಿನಾ ಜಗಳ. ಅದೂ ದೊಡ್ಡದಕ್ಕಲ್ಲ, ಉಪ್ಸಾರಿನ ಖಾರಕ್ಕೆ ಬೆಳ್ಳುಳ್ಳಿ ಎಷ್ಟು ಹಾಕಬೇಕು, ಮುದ್ದೆಗೆ ಎಸರು ಎಷ್ಟಿರಬೇಕು ಎಂಬುದಕ್ಕೆ. ಅತ್ತೆ ಕಟ್ಟಿದ ಮುದ್ದೆ ಚೆನ್ನಾಗಿರುತ್ತಿತ್ತು, ಅವ್ವನ ಸಿಟ್ಟಿಗೆ ಅದೇ ಕಾರಣ. ನಾನು ತಿನ್ನುವಾಗ ಅತ್ತೆಯ ಪಕ್ಷ, ಕೇಳುವವರು ಬಂದಾಗ ಅವ್ವನ ಪಕ್ಷ. ಅತ್ತೆಗೆ ಅದು ತಿಳಿದಿತ್ತು, ನಗುತ್ತಿದ್ದರು. ಆ ನಗುವಿನಲ್ಲಿ ನನ್ನ ಮೇಲಿನ ನಂಬಿಕೆ ಇತ್ತು ಎಂದು ಈಗ ಅನ್ನಿಸುತ್ತದೆ. ಆಗ ನಾನು ಅದನ್ನು ಪೆದ್ದುತನ ಅಂದುಕೊಂಡಿದ್ದೆ.

ನಮ್ಮ ಮನೆಯಲ್ಲಿ ಏನಾದರೂ ಕಳೆದರೆ ಅಜ್ಜಿ ದೇವರ ಗೂಡಿನ ದೀಪವನ್ನು ನಡುಮನೆಗೆ ತಂದಿಟ್ಟು ಎಲ್ಲರಿಂದ ಆಣೆ ಹಾಕಿಸುತ್ತಿದ್ದಳು. ಆಣೆಗೆ ಎರಡು ಭಾಗ. "ನಾ ಮುಟ್ಟಿಲ್ಲ, ಮುಟ್ಟಿದೋರ ಕಂಡಿಲ್ಲ." ಎರಡನ್ನೂ ದೀಪದ ಕಂಬ ಮುಟ್ಟಿಕೊಂಡು ಒಂದೇ ಉಸಿರಿಗೆ ಹೇಳಬೇಕು. ಒಮ್ಮೆ ಒಂದು ಅಚ್ಚು ಬೆಲ್ಲ ಮಾಯವಾಗಿತ್ತು. ತಿಂದವಳು ನಾನೇ. ದೀಪ ಮುಟ್ಟುವಾಗ ಬೆರಳು ಸುಟ್ಟುಹೋಗುತ್ತದೆ ಅಂದುಕೊಂಡು ಕಣ್ಣು ಮುಚ್ಚಿಯೇ ಆಣೆ ಮಾಡಿದೆ. ಬೆರಳಿಗೆ ಏನೂ ಆಗಲಿಲ್ಲ. ಆವತ್ತಿನಿಂದ ದೀಪದ ಮೇಲಿನ ನನ್ನ ಭಯ ಹೋಯಿತು. ಬೆಲ್ಲವನ್ನು ಇಲಿಯ ತಲೆಗೆ ಕಟ್ಟಿದರು.

ರೇಡಿಯೋ ಬಂದದ್ದು ಅಪ್ಪನ ಕಚೇರಿಯ ಸಾಹೇಬರೊಬ್ಬರಿಂದ. ವರ್ಗವಾಗಿ ಹೋಗುವಾಗ ಹಳೆಯದೆಂದು ಅಪ್ಪನಿಗೆ ಕೊಟ್ಟು ಹೋಗಿದ್ದರು. ಅತ್ತೆ ಅದಕ್ಕೆ ಗಿಣಿಯ ಚಿತ್ರದ ಕಸೂತಿ ಹಾಕಿ ಗವುಸು ಹೊಲಿದರು. ಗುಂಡಿ ತಿರುಗಿಸುವ ಅಧಿಕಾರ ಮಾತ್ರ ನನ್ನದು, ಬೇರೆ ಯಾರು ಮುಟ್ಟಿದರೂ ಕೂಗಾಡುತ್ತಿದ್ದೆ. ಹತ್ತಿರದ ಸ್ಟೇಷನ್ನುಗಳು ಚೆನ್ನಾಗಿಯೇ ಬರುತ್ತಿದ್ದವು. ನನಗೆ ಬೇಕಾಗಿದ್ದದ್ದು ಶಾರ್ಟ್‌ವೇವಿನಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ, ಸಮುದ್ರದಾಚೆಯ ಸ್ಟೇಷನ್ನೊಂದರ ಅರ್ಧ ಗಂಟೆಯ ಕನ್ನಡ ಹಾಡಿನ ಕಾರ್ಯಕ್ರಮ. ಅದರಲ್ಲಿ ಕೇಳುಗರ ಹೆಸರು, ಊರು ಓದಿ ಅವರು ಮೆಚ್ಚಿದ ಹಾಡು ಹಾಕುತ್ತಿದ್ದರು. ನಾನು ಕದ್ದು ಕಾರ್ಡು ಬರೆದಿದ್ದೆ. ಹಾಡು ಯಾವುದೆಂದು ಈಗ ಮರೆತಿದೆ. ಹಾಡಿನ ಆಸೆ ಇದ್ದರಲ್ಲವೆ ನೆನಪಿರುವುದು. ನನಗೆ ಬೇಕಾಗಿದ್ದದ್ದು ನನ್ನ ಹೆಸರು. ಕ್ಲಾಸಿನಲ್ಲಿ ಡಾಕ್ಟರ ಮಗಳು, ಮಂಡಿಯವರ ಮಗಳು ಎಲ್ಲ ಇದ್ದರು, ಗುಮಾಸ್ತರ ಮಗಳ ಹೆಸರನ್ನು ಸಮುದ್ರದಾಚೆಯಿಂದ ಯಾರಾದರೂ ಕೂಗಲಿ ಎಂಬ ಹಟ. ಆದರೆ ಆ ಸ್ಟೇಷನ್ನು ನಮ್ಮ ರೇಡಿಯೋದಲ್ಲಿ ಎರಡು ಮಾತು ಕೇಳಿಸಿದರೆ ನಾಲ್ಕು ಮಾತು ನುಂಗುತ್ತಿತ್ತು. ನನ್ನ ಹೆಸರು ಬರುವ ಹೊತ್ತಿಗೇ ನುಂಗಿಬಿಟ್ಟರೆ ಎಂದು ನನಗೆ ಅನ್ನ ಸೇರುತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಸುಟ್ಟ ಪಂಪ್‌ಸೆಟ್ ಮೋಟರಿಗೆ ಹೊಸ ತಂತಿ ಸುತ್ತಿ ವೈಂಡಿಂಗ್ ಮಾಡುವ ಅಂಗಡಿ ಇತ್ತು. ಸ್ಕೂಲು ಬಿಟ್ಟ ಮೇಲೆ ಅಲ್ಲಿಗೆ ಹೋಗಿ ಕೇಳಿದೆ. ಅಂಗಡಿಯಾತ ಸುಟ್ಟ ಮೋಟರು ಬಿಚ್ಚುತ್ತಲೇ ಹೇಳಿದ:

"ಮನೆ ಒಳಗಿರೋ ಗಿಡ್ಡ ತಂತಿ ಸಾಲದು ಕಣಮ್ಮ. ಉದ್ದುಕ್ಕೆ ಎಳೆದು ಮರದ್ ಮೇಲಕ್ಕೆ ಕಟ್ಟು. ಇನ್ನೊಂದು ತೂತಿಂದ ತಂತಿ ತಗಂಡು ನೆಲಕ್ಕೆ ಬುಡು. ತಾಮ್ರದ್ದು ಏನಾರ ಹೂತು ಅದುಕ್ಕೆ ಕಟ್ಟಬೇಕು. ಉಪ್ಪು, ಇದ್ಲು ಆಕಿ ದಿನಾ ನೀರು ಉಯ್ಯಿ. ಒಣುಗ್ದಂಗೆ ನೋಡ್ಕೊ."

ಉಳಿದಿದ್ದ ವೈಂಡಿಂಗ್ ತಂತಿಯ ಎರಡು ಸುರುಳಿಯನ್ನೂ ಕೊಟ್ಟ. ಕೆಂಪಗೆ ಹೊಳೆಯುವ ತಂತಿ. ಕೊಡುವ ಮುಂಚೆ ಎರಡರ ಒಂದೊಂದು ತುದಿಯನ್ನು ಬ್ಲೇಡಿನಲ್ಲಿ ಕೆರೆದು, "ಈ ತುದಿ ರೇಡಿಯಾಕ್ಕೆ" ಎಂದ. ಯಾಕೆ ಕೆರೆದ ಎಂದು ನಾನು ಕೇಳಲಿಲ್ಲ. ನನ್ನ ತಲೆಯಲ್ಲಿ ಆಗಲೇ ತಾತನ ಚೊಂಬು ಕೂತಿತ್ತು.

ನಾನು ಹುಟ್ಟುವ ಮುಂಚೆಯೇ ತೀರಿಕೊಂಡಿದ್ದ ತಾತ ನೀರು ಕುಡಿಯುತ್ತಿದ್ದ ತಾಮ್ರದ ಚೊಂಬು ಅದು. ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತಿದ್ದರು. ವರ್ಷಕ್ಕೆ ಒಂದೇ ದಿನ, ಪಿತೃಪಕ್ಷದ ಹಬ್ಬದಲ್ಲಿ, ಅದನ್ನು ಇಳಿಸಿ ಹುಣಸೆಹಣ್ಣಿನಲ್ಲಿ ತಿಕ್ಕಿ ನೀರು ತುಂಬಿ ಎಡೆಯ ಮುಂದೆ ಇಡುವುದು. ಎಡೆ ಇಟ್ಟ ಮೇಲೆ ನಡುಮನೆಯ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕೂರುತ್ತಿದ್ದೆವು, ಒಳಗೆ ಹಿರಿಯರು ಬಂದು ಉಣ್ಣಲಿ ಎಂದು. ಆ ಚೊಂಬಿಲ್ಲದಿದ್ದರೆ ತಾತ ನೀರು ಕುಡಿಯದೆ ಹೋಗುತ್ತಾರೆ ಎಂದು ಅಜ್ಜಿ ನಂಬಿದ್ದಳು. ನನ್ನ ಲೆಕ್ಕಾಚಾರ ಬೇರೆ. ಹಬ್ಬಕ್ಕೆ ಇನ್ನೂ ಎರಡು ತಿಂಗಳಿದೆ, ಅಲ್ಲಿಯವರೆಗೆ ತಾತನಿಗೆ ಬಾಯಾರಿಕೆಯಾಗುವುದಿಲ್ಲ, ಹಬ್ಬದ ಹಿಂದಿನ ದಿನ ತೆಗೆದು ತೊಳೆದಿಟ್ಟರೆ ಆಯಿತು. ಒಂದು ಭಾನುವಾರ ಮಧ್ಯಾಹ್ನ, ದೊಡ್ಡವರು ಯಾರದೋ ಮನೆಯ ನಾಮಕರಣಕ್ಕೆ ಹೋಗಿದ್ದಾಗ, ಎರಡು ಕೆಲಸವನ್ನೂ ಮುಗಿಸಿದೆ. ಕಾಯಿ ಕೀಳಲು ಬಂದವನಿಗೆ ಹೇಳಿ ಏರಿಯಲ್ ತಂತಿಯನ್ನು ತೆಂಗಿನಮರದ ತುದಿಗೆ ಕಟ್ಟಿಸಿದೆ. ಅವನು ಹೋದ ಮೇಲೆ ಕರಿಬೇವಿನ ಬುಡದಲ್ಲಿ ಗುಂಡಿ ತೋಡಿ, ಚೊಂಬಿನ ಕತ್ತಿಗೆ ಇನ್ನೊಂದು ತಂತಿಯನ್ನು ಹತ್ತು ಸುತ್ತು ಬಿಗಿಯಾಗಿ ಸುತ್ತಿ, ಉಪ್ಪು ಇದ್ದಿಲು ಹಾಕಿ ಹೂತೆ. ಮನೆಯವರು ಕೇಳಿದಾಗ ರೇಡಿಯೋದ ತಂತಿ ಎಂದೆ, ಮಣ್ಣಿನೊಳಗೆ ಅದರ ತುದಿಗೆ ಏನಿದೆ ಎಂದು ಯಾರೂ ಕೇಳಲಿಲ್ಲ. ಮುಂದಿನ ಭಾನುವಾರ ಆ ಸ್ಟೇಷನ್ನು ಪಕ್ಕದ ಮನೆಯಲ್ಲಿ ಮಾತಾಡಿದ ಹಾಗೆ ಕೇಳಿಸಿತು. ನಾನು ಗೆದ್ದೆ ಅಂದುಕೊಂಡೆ. ಚೊಂಬಿನ ಮಹಿಮೆ ಅಂದುಕೊಂಡೆ.

ದಿನಾ ನೀರು ಹುಯ್ಯುವುದು ನನ್ನಂಥ ಸೋಮಾರಿಗೆ ಆಗುವ ಕೆಲಸವೆ? ಅದನ್ನು ಅತ್ತೆಗೆ ಒಪ್ಪಿಸಿದೆ. ಪಾತ್ರೆ ತೊಳೆದ ನೀರನ್ನು ಕರಿಬೇವಿನ ಬುಡಕ್ಕೇ ಹುಯ್ಯಿ, ರೇಡಿಯೋಕ್ಕೆ ಒಳ್ಳೆಯದು ಎಂದೆ.

"ರೇಡಿಯಾ ನೀರು ಕುಡಿತದೇನೆ ಸುಸೀ? ನಿನ್ ಬುದ್ದಿಗೆ ಬೆಂಕಿ ಆಕ," ಎಂದು ನಕ್ಕರು. ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ಮೂರನೆಯದೋ ನಾಲ್ಕನೆಯದೋ ಭಾನುವಾರ ನನ್ನ ಹೆಸರು ಬಂತು. "ಹೊಳೆನರಸೀಪುರದಿಂದ ಕುಮಾರಿ ಸುಶೀಲ" ಎಂದು, ಒಂದಕ್ಷರ ನುಂಗದೆ. ನಾನು ಕಲ್ಲಿನ ಹಾಗೆ ಕೂತಿದ್ದೆ. ರೊಟ್ಟಿ ತಟ್ಟುತ್ತಿದ್ದ ಅತ್ತೆ ಹಿಟ್ಟಿನ ಕೈಯಲ್ಲೇ ಬೀದಿಗೆ ಓಡಿ, ನಮ್ ಸುಸೀ ಹೆಸ್ರು ರೇಡಿಯಾದಾಗೆ ಬಂತು ಎಂದು ಓಣಿಯ ಈ ತುದಿಯಿಂದ ಆ ತುದಿಯವರೆಗೂ ಹೇಳಿಕೊಂಡು ಬಂದರು. ಒಲೆಯ ಮೇಲಿದ್ದ ರೊಟ್ಟಿ ಸೀದುಹೋಗಿ ಅವ್ವ ಬೈದಳು. ಅಷ್ಟು ಸಂತೋಷವನ್ನು ನನ್ನ ಸಲುವಾಗಿ ಮತ್ತೆ ಯಾರೂ ಪಟ್ಟಿಲ್ಲ, ನನ್ನ ಮದುವೆಯಲ್ಲೂ.

ನಾನು ಆಗಲೇ ಚೊಂಬು ತೆಗೆದಿಡಬಹುದಿತ್ತು. ಬೇಕಾಗಿದ್ದು ಸಿಕ್ಕಿಯಾಗಿತ್ತು. ಆದರೆ ಒಮ್ಮೆ ಹೆಸರು ಬಂದರೆ ಇನ್ನೊಮ್ಮೆ ಬೇಕೆನಿಸುತ್ತದೆ. ಇನ್ನೊಂದು ಕಾರ್ಡು ಬರೆದೆ. ಹಬ್ಬದ ಹಿಂದಿನ ದಿನ ತೆಗೆಯೋಣ ಅಂದುಕೊಂಡೆ. ಹಿಂದಿನ ದಿನ ಹಿತ್ತಲಿನ ತುಂಬ ಹೆಂಗಸರು, ಒಬ್ಬರು ರುಬ್ಬುತ್ತಿದ್ದರೆ ಇನ್ನೊಬ್ಬರು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಬೆಳಿಗ್ಗೆ ಬೇಗ ಎದ್ದು ತೆಗೆಯೋಣ ಅಂದುಕೊಂಡೆ. ನಾನು ಎದ್ದಾಗ ಅಪ್ಪ ಅಟ್ಟ ಹತ್ತಿಯಾಗಿತ್ತು.

ಬಟ್ಟೆ ಸಿಕ್ಕಿತು, ಚೊಂಬು ಸಿಗಲಿಲ್ಲ. ಅಟ್ಟವನ್ನೆಲ್ಲ ಜಾಲಾಡಿದರು. ಅಜ್ಜಿ ನಡುಮನೆಯಲ್ಲಿ ಕೂತುಬಿಟ್ಟಳು. ಹಿಂದಿನ ತಿಂಗಳು ಅತ್ತೆ ಗಂಡನ ತಾಯಿಗೆ ಕಾಯಿಲೆಯೆಂದು ಬೆಳಿಗ್ಗೆ ಅರಕಲಗೂಡಿಗೆ ಹೋಗಿ ಸಂಜೆಗೆ ಬಂದಿದ್ದರು, ಹೋಗುವಾಗ ಕೈಯಲ್ಲಿ ಒಂದು ಚೀಲವಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವ್ವ ಆ ಚೀಲದ ನೆನಪು ತೆಗೆದಳು. ಅಜ್ಜಿ ದೀಪ ತಂದಿಟ್ಟಳು. ಅವ್ವ ದೀಪದ ಕಂಬ ಮುಟ್ಟಿ ಎರಡು ಮಾತನ್ನೂ ಹೇಳಿದಳು. ಅಪ್ಪನೂ ಹೇಳಿದರು. ಅತ್ತೆಯ ಸರದಿ ಬಂತು, ಅವರಾದ ಮೇಲೆ ನನ್ನದು. ಅತ್ತೆ ದೀಪದ ಕಂಬ ಹಿಡಿದರು.

"ನಾ ಮುಟ್ಟಿಲ್ಲ," ಎಂದರು. ಅಲ್ಲಿಗೆ ನಿಂತರು.

"ಮುಂದುಕ್ಕೆ ಯೋಳು," ಎಂದಳು ಅಜ್ಜಿ.

ಅತ್ತೆ ನನ್ನ ಕಡೆ ನೋಡಿದರು. ಗದರಿಸುವ ನೋಟವಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಇಳಿಯುತ್ತಾರೇನೋ ಎಂದು ನೋಡುತ್ತೇವಲ್ಲ, ಅಷ್ಟೇ. ನಾನು ಕಾಲ ಹೆಬ್ಬೆರಳನ್ನು ನೋಡುತ್ತ ನಿಂತಿದ್ದೆ. ಅತ್ತೆ ದೀಪದಿಂದ ಕೈ ತೆಗೆದರು.

"ನಾ ಮುಟ್ಟಿಲ್ಲ ಕಣವ್ವ. ನನ್ ಕೈಲಿ ಅಷ್ಟೇಯ ಯೋಳಕ್ಕಾಗದು."

"ಅರ್ಧ ಆಣೆ ಯಾವ ಆಣೆಯೇ? ಹೆತ್ತಪ್ಪನ ಚೊಂಬ ಆ ಬೇವರ್ಸಿ ಮನೆಗೆ ಒತ್ಕಂಡೋಗಿ ಕೊಟ್ಯಾ? ನಿಮ್ಮಪ್ಪ ಇವತ್ತು ನೀರಿಲ್ದೆ ಓಯ್ತಾನಲ್ಲೇ!" ಅಜ್ಜಿ ಹಣೆ ಬಡಿದುಕೊಂಡಳು.

ನನ್ನ ಸರದಿ ಬರಲೇ ಇಲ್ಲ. ಬಂದಿದ್ದರೆ ನಾನು ಎರಡು ಮಾತನ್ನೂ ಸರಾಗವಾಗಿ ಹೇಳಿಬಿಡುತ್ತಿದ್ದೆ. ಅದನ್ನು ಬರೆಯಲು ನನಗೆ ಈಗಲೂ ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಆ ವರ್ಷ ಎಡೆಯ ಮುಂದೆ ಸ್ಟೀಲಿನ ಲೋಟದಲ್ಲಿ ನೀರಿಟ್ಟರು. ಬಾಗಿಲು ಹಾಕಿ ಎಲ್ಲರೂ ಜಗಲಿಯಲ್ಲಿ ಕೂತೆವು, ಅತ್ತೆ ಮಾತ್ರ ಹಿತ್ತಲಲ್ಲಿದ್ದರು. ಅಂದು ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.

ನಾಲ್ಕನೆಯ ದಿನ ಅಪ್ಪ ಅತ್ತೆಯನ್ನು ಚನ್ನರಾಯಪಟ್ಟಣದ ಬಸ್ಸು ಹತ್ತಿಸಿದರು. ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡಿಗೆಯವರು ಬೇಕಾಗಿದ್ದಾರೆ ಎಂದು ಅಪ್ಪನೇ ವಿಚಾರಿಸಿದ್ದರು. ಹೊರಡುವಾಗ ಅತ್ತೆ ನನ್ನ ತಲೆ ಸವರಿ, "ಆ ಬುಡಕ್ಕೆ ನೀರು ಉಯ್ಯೋದ ಮರೀಬ್ಯಾಡ ಕಣವ್ವ," ಎಂದರು. ಕರಿಬೇವಿಗೆ ಹೇಳಿದರು ಎಂದು ನನಗೆ ನಾನೇ ಹೇಳಿಕೊಂಡೆ. ಅವರಿಗೆ ಗೊತ್ತು ಎಂದು ಹೊಟ್ಟೆಯೊಳಗೆ ಯಾರೋ ಹೇಳುತ್ತಿದ್ದರು, ಅದು ಕೇಳದ ಹಾಗೆ ಇದನ್ನೇ ಹೇಳಿಕೊಂಡೆ. ಮಾರನೆಯ ದಿನ ಸ್ಕೂಲಿಗೆ ಹೋಗುವ ಮುಂಚೆ ಚೊಂಬು ಅಗೆದೆ. ಹಸಿರು ಹತ್ತಿತ್ತು, ನನ್ನ ಗುದ್ದಲಿ ತಗುಲಿ ಬಾಯಿ ಸೊಟ್ಟಗಾಗಿತ್ತು. ಕತ್ತಿಗೆ ಸುತ್ತಿದ ತಂತಿ ಮಾತ್ರ ಹೊಸದರ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಸ್ಕೂಲಿನ ಚೀಲದಲ್ಲಿ ಹಾಕಿಕೊಂಡು ಹೋಗಿ ಹೇಮಾವತಿ ಹೊಳೆಗೆ ಎಸೆದುಬಿಟ್ಟೆ. ಅಟ್ಟಕ್ಕೆ ಎಸೆದಿದ್ದರೂ ಆಗುತ್ತಿತ್ತು, ಸೊಟ್ಟ ಚೊಂಬು ಸಿಕ್ಕಿತೆಂದು ಅತ್ತೆಯನ್ನು ಕರೆಸುತ್ತಿದ್ದರು. ಆದರೆ ಯಾರು ಸೊಟ್ಟ ಮಾಡಿದರು ಎಂದು ಕೇಳುತ್ತಿದ್ದರಲ್ಲ! ಆಮೇಲೆ ರೇಡಿಯೋ ಹೇಗೆ ಕೇಳುತ್ತಿತ್ತೋ ಗೊತ್ತಿಲ್ಲ. ನಾನು ಆ ಸ್ಟೇಷನ್ನು ಹಾಕಲಿಲ್ಲ.

ಅಜ್ಜಿ ಮಗಳನ್ನು ಕಳ್ಳಿಯೆಂದೇ ತಿಳಿದುಕೊಂಡು ಸತ್ತಳು. ಅಪ್ಪ ಅವ್ವನೂ ಹಾಗೇ ಹೋದರು. ನಾನು ಓದಿದೆ, ಪ್ರೈಮರಿ ಸ್ಕೂಲಿನಲ್ಲಿ ಕನ್ನಡದ ಮೇಡಂ ಆದೆ. ಸುಳ್ಳು ಹೇಳಬಾರದು ಎಂದು ಮಕ್ಕಳಿಗೆ ಕಾಪಿ ಬರೆಸಿದೆ. ಅತ್ತೆ ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತಿರುತ್ತಿದ್ದರು, ಯಾರೂ ಅವರಿಗೆ ಉಗ್ರಾಣದ ಬೀಗದ ಕೈ ಕೊಡುತ್ತಿರಲಿಲ್ಲ. ನಾನು ಹೋಗಿ ಮಾತಾಡಿಸಿ, ಚೆನ್ನಾಗಿದ್ದೀರಾ ಅತ್ತೆ ಎಂದು ಕೇಳಿ, ಮುಂದಿನ ಸಾಲಿಗೆ ವಾಪಸು ಬರುತ್ತಿದ್ದೆ. ಐವತ್ತು ವರ್ಷ ಇಷ್ಟೇ ಮಾಡಿದೆ.

ರಿಟೈರಾದ ಮೇಲೆ ಹಾಸನದಲ್ಲಿ ಹ್ಯಾಮ್ ರೇಡಿಯೋದ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲೇ ದೂರದವರ ಜೊತೆ ಮಾತಾಡುವ, ಹುಚ್ಚು ಹಿಡಿಯಿತು. ಬಾಯಿಪಾಠ ಹೊಡೆದು ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತೆಗೆದುಕೊಂಡು ಹ್ಯಾಂಡಿ ಎನ್ನುವ ಒಂದು ಕೈರೇಡಿಯೋ ಕೊಂಡೆ. ಅಂಗೈಯಗಲದ್ದು, ಅದರಲ್ಲಿ ಶಾರ್ಟ್‌ವೇವೂ ಕೇಳಬಹುದು. ಆದರೆ ಅದರ ಗಿಡ್ಡ ರಬ್ಬರ್ ಏರಿಯಲ್ಲಿಗೆ ಶಾರ್ಟ್‌ವೇವ್ ದಕ್ಕುತ್ತಿರಲಿಲ್ಲ, ಬರೀ ಗೊರಗೊರ. ಮೋಟರ್ ವೈಂಡಿಂಗ್ ಮಾಡುವ ರಹಮತ್ ಸಾಹೇಬರು ನಮ್ಮ ಹ್ಯಾಮ್ ಗುಂಪಿನಲ್ಲಿ ಹಿರಿಯರು. ಅವರು ಹೇಳಿದಂತೆ ವೈಂಡಿಂಗ್ ತಂತಿಯನ್ನು ಮಹಡಿಯ ಮೇಲೆ ನೀರಿನ ಟ್ಯಾಂಕಿನವರೆಗೆ ಎಳೆದು ಹ್ಯಾಂಡಿಗೆ ಸಿಕ್ಕಿಸಿದೆ. ಇನ್ನೊಂದು ತುಂಡನ್ನು ಅರ್ತ್‌ಗೆಂದು ನಲ್ಲಿಯ ಪೈಪಿಗೆ ಸುತ್ತಿದೆ. ಏನೂ ಸುಧಾರಿಸಲಿಲ್ಲ. ಒಂದು ಬೆಳಿಗ್ಗೆ ಅವರೇ ಮಹಡಿ ಹತ್ತಿ ಬಂದು ನೋಡಿದರು.

"ಅರೆ ಮೇಡಂ, ತುದಿ ಕೆರೆದಿಲ್ವಾ? ಈ ತಂತಿ ಮೇಲೆ ವಾರ್ನಿಷ್ ಇರ್ತದೆ. ಕೆರೀದೆ ಎಷ್ಟು ಸುತ್ತು ಸುತ್ತಿದ್ರೂ ತಾಮ್ರಕ್ಕೆ ತಾಮ್ರ ತಾಗಲ್ಲ. ದಾರ ಕಟ್ಟಿದಂಗೆ ಅಷ್ಟೆ!"

ಬ್ಲೇಡು ತೆಗೆದು ಕೆರೆದರು. ಕೆಂಪು ಸಿಪ್ಪೆ ಉದುರಿ ಒಳಗಿನ ತಾಮ್ರ ಕಂಡಿತು. ಎರಡೂ ತುದಿ ಕಟ್ಟಿದ ಮೇಲೆ ಎಲ್ಲಿಯದೋ ಭಾಷೆಯ ಹಾಡು ಸ್ವಚ್ಛವಾಗಿ ಬಂತು. ಸಾಹೇಬರು ಖುಷಿಯಿಂದ ನನ್ನ ಮುಖ ನೋಡಿದರು. ನಾನು ಅಲ್ಲೇ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಮಣ್ಣಿನಿಂದ ಅಗೆದ ದಿನವೂ ಕೆಂಪಗೆ ಹೊಳೆಯುತ್ತಿದ್ದ ಆ ಹತ್ತು ಸುತ್ತು ಕಣ್ಣ ಮುಂದೆ ಬಂತು. ಅಂಗಡಿಯಾತ ಕೆರೆದದ್ದು ರೇಡಿಯೋದ ಕಡೆಯ ತುದಿ, ಚೊಂಬಿನ ಕಡೆಯದನ್ನು ನಾನು ಕೆರೆದಿರಲೇ ಇಲ್ಲ. ಕೆಲಸ ಮಾಡಿದ್ದು ತೆಂಗಿನಮರದ ತಂತಿಯೊಂದೇ. ಚೊಂಬು ಎರಡು ತಿಂಗಳು ಮಣ್ಣಿನಲ್ಲಿ ಸುಮ್ಮನೆ ಮಲಗಿತ್ತು. ಅತ್ತೆ ದಿನಾ ನೀರು ಹುಯ್ದದ್ದು ದಂಡ, ಕಳ್ಳಿ ಎನ್ನಿಸಿಕೊಂಡು ಹೋದದ್ದೂ ದಂಡ. ಅದುವರೆಗೆ ನನ್ನ ತಪ್ಪಿಗೆ ಒಂದು ಲಾಭವಾದರೂ ಇತ್ತು ಎಂದು ನಾನು ಒಳಗೊಳಗೇ ಇಟ್ಟುಕೊಂಡಿದ್ದೆ. ಅದೂ ಹೋಯಿತು.

ಆ ವಾರವೇ ಹ್ಯಾಂಡಿಯನ್ನು ಬ್ಯಾಗಿಗೆ ಹಾಕಿಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ. ಅತ್ತೆ ಹಾಸ್ಟೆಲಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆಯಲ್ಲಿದ್ದಾರೆ. ಎಂಬತ್ತು ದಾಟಿದೆ, ಕಿವಿ ಚೆನ್ನಾಗಿದೆ, ಮಂಡಿ ಹಿಡಿದಿದೆ. ಅವರ ಕೈಯಲ್ಲಿ ಉಂಡುಹೋದ ಹುಡುಗಿಯರು ಈಗಲೂ ಬಂದು ನೋಡಿಕೊಂಡು ಹೋಗುತ್ತಾರಂತೆ. ಸಂಜೆಯಾಗಿತ್ತು, ಗೂಡಿನ ದೀಪ ಆಗತಾನೆ ಹಚ್ಚಿದ್ದರು. ಹ್ಯಾಂಡಿಯ ತಂತಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಯಾವುದೋ ದೂರದ ಸ್ಟೇಷನ್ನು ಹಾಕಿ ಕೇಳಿಸಿದೆ. ಆಮೇಲೆ ಆರಿಸಿ, ಎಲ್ಲ ಹೇಳಿದೆ. ಅಟ್ಟದಿಂದ ಇಳಿಸಿದ್ದು, ಹೂತದ್ದು, ಹೊಳೆಗೆ ಎಸೆದದ್ದು. ತಂತಿ ಕೆರೆಯದ ವಿಷಯವೊಂದು ಉಳಿದಿತ್ತು, ಅಷ್ಟರಲ್ಲಿ ಅತ್ತೆ ಮಾತಾಡಿದರು.

"ಗೊತ್ತಿತ್ತು ಕಣೆ. ನೀರು ಉಯ್ದು ಉಯ್ದು ಮಣ್ಣು ಕೊಚ್ಕಂಡೋಗಿ ಚೊಂಬಿನ ಬಾಯಿ ಕಂಡಿತ್ತು. ನಮ್ಮಪ್ಪನ ಚೊಂಬು ನನಗೆ ಗೊತ್ತಾಗಕ್ಕಿಲ್ವಾ? ಮತ್ತೆ ಮಣ್ಣು ಮುಚ್ಚಿದೆ. ಹಬ್ಬದೊಳಗೆ ಮಡಗ್ತಾಳೆ ಬುಡು ಅಂದ್ಕಂಡೆ."

"ಮತ್ತೆ ಆಣೆ..."

"ಮುಟ್ಟಿಲ್ಲ ಅಂದೆನಲ್ಲ. ಮುಟ್ಟಿದೋರ ಕಂಡಿಲ್ಲ ಅಂತ ದೀಪ ಮುಟ್ಟಿ ಎಂಗೆ ಯೋಳನೆ?"

"ನನ್ನ ಹೆಸರು ಹೇಳಬಹುದಿತ್ತಲ್ಲ ಅತ್ತೆ."

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ನೀನು ಅಲ್ಲೇ ನಿಂತಿದ್ದಲ್ಲೇ. ನೀನೇ ಯೋಳ್ತೀಯ ಅಂತ ಕಾಯ್ತಿದ್ದೆ. ಬಸ್ಸು ಅತ್ತೋ ಗಂಟ ಕಾಯ್ದೆ."

ನನಗೆ ಅಳು ಬಂತು. ಅವರೆದುರು ಅಳುವುದಕ್ಕೂ ನನಗೆ ಹಕ್ಕಿಲ್ಲ ಅನ್ನಿಸಿ ತಡೆದುಕೊಂಡೆ. ಅತ್ತೆ ಹ್ಯಾಂಡಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಅವರ ಮುಖ ಹಗುರವಾಯಿತು, ಹಿಟ್ಟಿನ ಕೈಯಲ್ಲಿ ಬೀದಿಗೆ ಓಡಿದವರ ಮುಖ.

"ಓಗ್ಲಿ ಬುಡು. ನಿನ್ ಹೆಸ್ರು ಎಷ್ಟು ಸಂದಾಗಿ ಬಂತು ಅವತ್ತು! ಇಲ್ಲಿ ಒಬ್ಳೇ ಇದ್ದಾಗೆಲ್ಲ ಅದ್ನೇ ನೆನಸ್ಕತಿದ್ದೆ. ನಾ ಅನ್ನಿಸ್ಕಂಡಿದ್ದು ಅನ್ನಿಸ್ಕಂಡೆ, ಮಗೀನ ಹೆಸ್ರಾದ್ರೂ ದೇಸಕ್ಕೆಲ್ಲ ಕೇಳ್ತಲ್ಲ ಅಂತ. ಅದು ನಮ್ಮಪ್ಪನ ಚೊಂಬಿಂದ್ಲೇ ಅಲ್ವೇನೆ ಸುಸೀ?"

ದೀಪ ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಉರಿಯುತ್ತಿತ್ತು. ನಾನು ಆ ಕಡೆ ನೋಡಲಿಲ್ಲ.

"ಹೂಂ ಅತ್ತೆ," ಎಂದೆ. "ಚೊಂಬಿನಿಂದಲೇ."